ಲೈಕ್ ಬಂದ ಕತೆ ಒಳ್ಳೆಯ ಕತೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಹೈಸ್ಕೂಲ್ ಮಕ್ಕಳು, ಸೋಶಿಯಲ್ ಮೀಡಿಯಾ, ಕತೆ ಕವಿತೆ ಬರೆಯುವುದು. ದೊಡ್ಡವರಿಗೆ ಮೊಬೈಲ್ ಮೇಲೆ ಸಿಟ್ಟು. ಮಕ್ಕಳಿಗೆ ದೊಡ್ಡವರ ಮೇಲೆ ಸಿಟ್ಟು. ಹಾಗಾಗಿ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಇವನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನನ್ನ ಮಗಳು ಒಂಬತ್ತನೇ ಕ್ಲಾಸು. ಮೊದಲೆಲ್ಲ ನೋಟ್‌ಬುಕ್ ತುಂಬ ಕತೆ ಬರೆಯುತ್ತಿದ್ದಳು. ಇನ್‌ಸ್ಟಾಗ್ರಾಂ ಶುರುವಾದ ಮೇಲೆ ಪೆನ್ನು ಹಿಡಿಯುವುದೇ ಇಲ್ಲ. ಕೇಳಿದರೆ "ಬರೀತಾನೇ ಇದ್ದೀನಲ್ಲಮ್ಮ" ಅನ್ನುತ್ತಾಳೆ. ಎಲ್ಲಿ ಬರೀತಾಳೆ? ಫೋಟೋ ಕೆಳಗೆ ಎರಡು ಸಾಲು, ಅಷ್ಟೇ. ಅವಳ ಬರೆಯುವ ಶಕ್ತಿ ಹೋಗಿಬಿಡುತ್ತಾ?
— ಒಬ್ಬ ತಾಯಿ

ಉತ್ತರ: ಹೋಗಲ್ಲ. ಮತ್ತೆ, ನಿಮ್ಮ ಮಗಳ ಮಾತಿನಲ್ಲಿ ಅರ್ಧ ನಿಜ ಇದೆ. ಮೆಸೇಜು, ಕಮೆಂಟು, ಕ್ಯಾಪ್ಶನ್ ಎಲ್ಲ ಸೇರಿಸಿದರೆ ಈಗಿನ ಮಕ್ಕಳು ದಿನಕ್ಕೆ ಬರೆಯುವ ಪದಗಳು ಕಡಿಮೆಯೇನಲ್ಲ. ತಮಾಷೆ ಅಂದರೆ, ಅದನ್ನು ಬರವಣಿಗೆ ಅಂತ ಅವರೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 12ರಿಂದ 17 ವಯಸ್ಸಿನ ಮಕ್ಕಳನ್ನು ಇದೇ ಪ್ರಶ್ನೆ ಕೇಳಿದಾಗ ನೂರಕ್ಕೆ 60 ಮಂದಿ, ಮೆಸೇಜು ಗಿಸೇಜು ಎಲ್ಲ ನಿಜವಾದ ಬರವಣಿಗೆ ಅಲ್ಲ ಅಂದಿದ್ದರು. ನಿಮ್ಮ ಮಗಳು ಕನಿಷ್ಠ ಅದನ್ನು ಬರೆಯುವುದು ಅಂತಲಾದರೂ ಅಂದುಕೊಂಡಿದ್ದಾಳೆ. ಒಳ್ಳೆಯದೇ ಅಲ್ವಾ?

ಇನ್ನರ್ಧ ನಿಮ್ಮ ಕಡೆಗಿದೆ. ಕ್ಯಾಪ್ಶನ್ ಬರೆಯುವಾಗ ಏನಾಗುತ್ತದೆ ನೋಡಿ. ಜಾಗ ಹೇಗಿತ್ತು ಅಂತ ಬರೆಯಬೇಕಾಗಿಲ್ಲ, ಫೋಟೋ ಇದೆ. ಖುಷಿಯೋ ಬೇಜಾರೋ ವ್ಯಂಗ್ಯವೋ ಅಂತ ಪದದಲ್ಲಿ ತರಬೇಕಾಗಿಲ್ಲ, ಎಮೋಜಿ ಇದೆ. ಯಾರು ಯಾರಿಗೆ ಏನಾಗಬೇಕು ಅಂತಲೂ ಹೇಳಬೇಕಾಗಿಲ್ಲ, ಓದುವವರು ಗೆಳತಿಯರೇ, ಅವರಿಗೆಲ್ಲ ಮೊದಲೇ ಗೊತ್ತು. ಕತೆ ಬರೆಯುವವರಿಗೆ ಇರುವ ದೊಡ್ಡ ಕೆಲಸಗಳೇ ಇವು. ಏನೂ ಗೊತ್ತಿಲ್ಲದ ಒಬ್ಬ ಓದುಗನಿಗೆ ಬರೀ ಪದದಿಂದ ಒಂದು ಜಾಗ ತೋರಿಸಬೇಕು, ಒಬ್ಬ ಮನುಷ್ಯನನ್ನು ಪರಿಚಯ ಮಾಡಿಸಬೇಕು, ದನಿ ಕೇಳಿಸಬೇಕು. ಅವಳ ಎರಡು ಸಾಲು ಚೆನ್ನಾಗಿಯೇ ಇರಬಹುದು, ಆದರೆ ಈ ಕೆಲಸಗಳ ಅಭ್ಯಾಸ ಅಲ್ಲಿ ಆಗುತ್ತಿಲ್ಲ.

ಇನ್ನೊಂದು ವಿಷಯ ಬೇಜಾರು. ಬೋರು ಹೊಡೆಯುವುದು ಅಂತೀವಲ್ಲ, ಅದು. 2014ರಲ್ಲಿ ಬ್ರಿಟನ್ನಿನ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ವಿಚಿತ್ರ ಪ್ರಯೋಗದ ವರದಿ ಪ್ರಕಟಿಸಿದರು. ಕೆಲವರಿಗೆ ಟೆಲಿಫೋನ್ ಡೈರೆಕ್ಟರಿಯಿಂದ ನಂಬರ್‌ಗಳನ್ನು ಸುಮ್ನೆ ನಕಲು ಮಾಡಲು ಹೇಳಿದರು, ಹದಿನೈದು ನಿಮಿಷ. ಆಮೇಲೆ ಎರಡು ಕಪ್ ಕೊಟ್ಟು, ಇವನ್ನು ಏನೇನಕ್ಕೆಲ್ಲ ಬಳಸಬಹುದು ಹೇಳಿ ಅಂದರು. ಬೋರು ಹೊಡೆಸಿಕೊಂಡವರಿಗೆ ಹೊಳೆದಷ್ಟು ಉಪಾಯ ಉಳಿದವರಿಗೆ ಹೊಳೆಯಲಿಲ್ಲ. ಮೊದಲು ಅವಳಿಗೆ ಮಧ್ಯಾಹ್ನ ಸುಮ್ನೆ ಕೂತಾಗ ಕತೆ ಬರುತ್ತಿತ್ತು. ಈಗ ಸುಮ್ನೆ ಕೂರುವ ಮಧ್ಯಾಹ್ನವೇ ಇಲ್ಲ, ಬೇಜಾರಾಗುವ ಮೊದಲೇ ಬೆರಳು ಸ್ಕ್ರೀನ್ ಮೇಲೆ ಹೋಗಿರುತ್ತದೆ. ನನಗೆ ಕೇಳಿದರೆ ಭಾಷೆಗಿಂತ ಹೆಚ್ಚು ಏಟು ಬಿದ್ದಿರುವುದು ಇಲ್ಲಿ.

"ಅದು ಬಿಡು, ಕತೆ ಬರಿ" ಅಂತ ಮಾತ್ರ ಹೇಳಬೇಡಿ. ಅಪ್ಪ ಅಮ್ಮ ಹೇಳಿದ್ದಕ್ಕೆ ಕತೆ ಬರೆದವರನ್ನು ನಾನು ನೋಡಿಲ್ಲ. ಅವಳು ಪೋಸ್ಟ್ ಮಾಡದೆ ಬಿಟ್ಟ ಫೋಟೋ ಬಗ್ಗೆ ಕೇಳಿ, ಯಾಕೆ ಹಾಕಲಿಲ್ಲ ಅಂತ. ಅಲ್ಲಿ ಬಹುಶಃ ಒಂದು ಕತೆ ಇರುತ್ತದೆ. ಫೋಟೋ ತೋರಿಸದೆ ಅದನ್ನು ಬರೆದು ತೋರಿಸು ಅನ್ನಿ. ಬರೆದರೆ ಬರೆಯಲಿ, ಇಲ್ಲದಿದ್ದರೆ ಬಿಡಿ. ಇನ್ನೊಂದು ಮಾತು: ಹದಿನಾಲ್ಕು ವರ್ಷದವರು ಬರೆದದ್ದನ್ನೆಲ್ಲ ಅಮ್ಮನಿಗೆ ತೋರಿಸುವುದಿಲ್ಲ. ನಿಮಗೆ ಕಾಣದ ನೋಟ್‌ಬುಕ್ ಒಂದು ಇದ್ದರೂ ಇರಬಹುದು. ಹುಡುಕಲು ಹೋಗಬೇಡಿ.

ಪ್ರಶ್ನೆ: ಹೈಸ್ಕೂಲಿನಲ್ಲಿ ಭಾಷೆ ಕಲಿಸುತ್ತೇನೆ. ಪ್ರಬಂಧದಲ್ಲಿ ಮೆಸೇಜಿನ ತುಂಡು ಪದಗಳು, ಕಾಗುಣಿತ ಮಾಯ. ಒಬ್ಬನಂತೂ ಕವಿತೆಯ ಕೊನೆಯಲ್ಲಿ ನಗುವ ಮುಖ ಬರೆದಿದ್ದ. ಸೋಶಿಯಲ್ ಮೀಡಿಯಾ ಭಾಷೆಯನ್ನೇ ಹಾಳು ಮಾಡಿದೆ ಅಂತ ನಾವು ಸ್ಟಾಫ್ ರೂಮಿನಲ್ಲಿ ಮಾತಾಡಿಕೊಳ್ಳುತ್ತೇವೆ. ನೀವೇನಂತೀರಿ?
— ಒಬ್ಬ ಶಿಕ್ಷಕ

ಉತ್ತರ: ಸರ್, ಸ್ಟಾಫ್ ರೂಮಿನ ಈ ಮಾತಿಗೆ ಬಹಳ ವಯಸ್ಸಾಗಿದೆ. ಮೊಬೈಲ್ ಬರುವ ಮೊದಲೂ ಇದೇ ಮಾತಿತ್ತು, ಆಗ ಟಿವಿ, ಅದಕ್ಕೂ ಮೊದಲು ಸಿನಿಮಾ.

ನೀವು ನೋಡುತ್ತಿರುವುದು ಸುಳ್ಳಲ್ಲ. ನಾನು ಮೇಲೆ ಹೇಳಿದ 2008ರ ಸಮೀಕ್ಷೆಯಲ್ಲಿ ನೂರಕ್ಕೆ 64 ಮಕ್ಕಳು, ಸ್ಕೂಲಿನ ಬರಹದಲ್ಲೂ ಮೆಸೇಜಿನ ಶೈಲಿ ನುಸುಳುತ್ತದೆ ಅಂತ ತಾವೇ ಒಪ್ಪಿದ್ದರು. ತುಂಡು ಪದ ಬಳಸಿದವರು ನೂರಕ್ಕೆ 38, ನಗುವ ಮುಖದವರು ನೂರಕ್ಕೆ 25. ಹಾಗಾಗಿ ನಿಮ್ಮ ಹುಡುಗನಿಗೆ ಜೊತೆಗಾರರು ಬೇಕಾದಷ್ಟಿದ್ದಾರೆ.

ಆದರೆ ಭಾಷೆ ಹಾಳಾಗಿದೆಯಾ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಂಡ್ರಿಯಾ ಲನ್ಸ್‌ಫರ್ಡ್ ಅವರು ಕಾಲೇಜಿಗೆ ಹೊಸದಾಗಿ ಬಂದ ವಿದ್ಯಾರ್ಥಿಗಳ ಇಂಗ್ಲಿಷ್ ಪ್ರಬಂಧಗಳನ್ನು 2006ರಲ್ಲಿ ಸಂಗ್ರಹಿಸಿ, ಹಳೆಯ ಅಧ್ಯಯನಗಳ ಲೆಕ್ಕದ ಜೊತೆ ಇಟ್ಟು ನೋಡಿದರು. 1917ರಲ್ಲಿ ನೂರು ಪದಕ್ಕೆ ಸುಮಾರು 2.11 ತಪ್ಪು. 2006ರಲ್ಲಿ 2.45. ತೊಂಬತ್ತು ವರ್ಷದಲ್ಲಿ ಆದ ಬದಲಾವಣೆ ಅಷ್ಟೇ. ಅದೇ ಪ್ರಬಂಧಗಳ ಸರಾಸರಿ ಉದ್ದ 162 ಪದದಿಂದ 1,038 ಪದಕ್ಕೆ ಏರಿತ್ತು. ಮೆಸೇಜಿನ ತುಂಡು ಪದಗಳು ಸಿಕ್ಕಿದ್ದೂ ತೀರಾ ಕಡಿಮೆ. ಇದು ರೀಲ್ಸ್ ಬರುವ ಮುಂಚಿನ ಲೆಕ್ಕ, ಕಾಲೇಜಿನವರದ್ದು, ಇದನ್ನೇ ಇವತ್ತಿನ ಹೈಸ್ಕೂಲಿಗೆ ಹಾಕಲು ಆಗುವುದಿಲ್ಲ, ಸರಿ. ಆದರೂ "ಹಾಳಾಗಿಹೋಯ್ತು" ಅನ್ನುವ ಮುಂಚೆ ಎಣಿಸಿ ನೋಡುವುದು ಒಳ್ಳೆಯದು ಅನ್ನುವುದಕ್ಕೆ ಹೇಳಿದೆ.

ಕನ್ನಡದಲ್ಲಿ ಬರೆಯುವ ಮಕ್ಕಳಿಗೆ ಮಾತ್ರ ಇನ್ನೊಂದು ತೊಡಕಿದೆ. ಚಾಟ್ ಮಾಡುವಾಗ ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡುತ್ತಾರೆ. ಅಲ್ಲಿ ಲ, ಳ ಎರಡಕ್ಕೂ ಒಂದೇ ಅಕ್ಷರ, ನ, ಣ ಎರಡಕ್ಕೂ ಒಂದೇ, ದೀರ್ಘ ಹ್ರಸ್ವದ ಗೊಡವೆಯೇ ಇಲ್ಲ. ಇಡೀ ದಿನ ಹಾಗೆ ಬರೆದ ಕೈ ಪೇಪರಿನ ಮೇಲೆ ಳ ಬಂದಾಗ ತಡವರಿಸುತ್ತದೆ. ಇದಕ್ಕೆ ಬೈಯುವುದಕ್ಕಿಂತ ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಸುವುದು ಸುಲಭ. ಒಂದೆರಡು ವಾರ ಗೊಣಗುತ್ತಾರೆ, ಆಮೇಲೆ ನಮಗಿಂತ ಫಾಸ್ಟು.

ನನಗೆ ನಿಜವಾಗಿ ಚಿಂತೆ ಆಗುವುದು ಕಾಗುಣಿತದ್ದಲ್ಲ. ಆತುರ. ಬರೆದ ತಕ್ಷಣ ಪೋಸ್ಟ್, ಪೋಸ್ಟ್ ಆದ ತಕ್ಷಣ ಮುಗಿಯಿತು. ಪ್ಯೂ ಸಂಸ್ಥೆಯೇ 2013ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಎರಡೂವರೆ ಸಾವಿರದಷ್ಟು ಟೀಚರ್‌ಗಳನ್ನು ಕೇಳಿತ್ತು. ಡಿಜಿಟಲ್ ಸಾಧನಗಳಿಂದ ಮಕ್ಕಳ ಸೃಜನಶೀಲತೆ ಹೆಚ್ಚುತ್ತದೆ ಅಂದವರು ನೂರಕ್ಕೆ 78. ಅದೇ ಸಾಧನಗಳಿಂದ ಮಕ್ಕಳು ಬರವಣಿಗೆಯಲ್ಲಿ ಅಡ್ಡದಾರಿ ಹಿಡಿಯುತ್ತಾರೆ, ಶ್ರಮ ಹಾಕುವುದಿಲ್ಲ ಅಂದವರು ನೂರಕ್ಕೆ 68. ಕೂಡಿಸಿ ನೋಡಿ, ಎರಡಕ್ಕೂ ತಲೆಯಾಡಿಸಿದವರು ಬಹಳ ಮಂದಿ ಇರಲೇಬೇಕು. ಅದರಲ್ಲಿ ವಿರೋಧ ಏನೂ ಇಲ್ಲ. ಹೊಳೆಯುವುದು ಜಾಸ್ತಿಯಾಗಿದೆ, ತಿದ್ದುವುದು ಕಡಿಮೆಯಾಗಿದೆ.

ಮತ್ತೆ, ನೀವು ಬರೆದಿಲ್ಲ, ಆದರೆ ಗಮನಿಸಿರುತ್ತೀರಿ: ಕ್ಲಾಸಿನ ಕತೆಗಳೆಲ್ಲ ಒಂದೇ ಥರ ಶುರುವಾಗುತ್ತವೆ. ಮೊದಲ ಸಾಲಿನಲ್ಲೇ ಯಾರೋ ಸತ್ತಿರುತ್ತಾರೆ. ಮೊದಲ ಕ್ಷಣದಲ್ಲಿ ಹಿಡಿದು ನಿಲ್ಲಿಸದಿದ್ದರೆ ನೋಡುವವರು ಮುಂದಕ್ಕೆ ಹೋಗುತ್ತಾರೆ ಅನ್ನುವುದು ರೀಲ್ಸ್ ಕಲಿಸಿದ ಪಾಠ. ಕೊನೆಯಲ್ಲಿ ಒಂದು ಟ್ವಿಸ್ಟ್, ಅದರ ಕೆಳಗೆ ಫೋಟೋ ಮೇಲೆ ಅಚ್ಚು ಹಾಕುವಂಥ ಒಂದು ಮಾತು. ಮಧ್ಯ ಎಲ್ಲಿ ಹೋಯಿತು? ಕತೆಯ ಮಧ್ಯದಲ್ಲೇ ತಾನೆ ಮನುಷ್ಯರು ಇರುವುದು.

ನನ್ನ ಸಲಹೆ ಒಂದೇ. ಮೊದಲ ಸಲ ಬರೆದದ್ದಕ್ಕೆ ಮಾರ್ಕ್ಸ್ ಕೊಡಬೇಡಿ. ಮೊದಲನೆಯದನ್ನೂ ತಿದ್ದಿದ್ದನ್ನೂ ಎರಡನ್ನೂ ತರಿಸಿ, ಎರಡರ ನಡುವೆ ಏನು ಬದಲಾಯಿತು ಅನ್ನುವುದಕ್ಕೆ ಕೊಡಿ. ಬರೀ ನಗುವ ಮುಖ ಅಳಿಸಿದ್ದರೆ ಒಂದು ಮಾರ್ಕ್. ನಗು ಬರುವ ಸಾಲು ಬರೆದಿದ್ದರೆ ಐದು.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಕವಿತೆ ಬರೆದು ಹಾಕುತ್ತೇನೆ. ಜಾಸ್ತಿ ಲೈಕ್ ಬಂದ ದಿನ ಇನ್ನೂ ಬರೆಯಬೇಕು ಅನ್ನಿಸುತ್ತೆ. ಬರದಿದ್ದರೆ ಪೆನ್ನು ಮುಟ್ಟೋಕೂ ಮನಸ್ಸಾಗಲ್ಲ. ಕಷ್ಟಪಟ್ಟು ಬರೆದದ್ದಕ್ಕೆ ಲೈಕ್ ಬರಲ್ಲ, ಐದು ನಿಮಿಷದಲ್ಲಿ ಬರೆದ ಲವ್ ಕವಿತೆಗೆ ಬರುತ್ತೆ. ಈಗ ಅಂಥದ್ದೇ ಬರೀತಿದ್ದೀನಿ. ತಪ್ಪಾ?
— ಒಬ್ಬ ವಿದ್ಯಾರ್ಥಿನಿ

ಉತ್ತರ: ತಪ್ಪಲ್ಲ. ಆದರೆ ನಿನಗೇ ಅನುಮಾನ ಬಂದಿದೆ, ಅದಕ್ಕೇ ಪತ್ರ ಬರೆದಿದ್ದೀಯ.

ನಿನಗೊಂದು ಪ್ರಯೋಗದ ಕತೆ ಹೇಳುತ್ತೇನೆ. ತೆರೇಸಾ ಅಮಾಬಿಲೆ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ, ಸೃಜನಶೀಲತೆಯ ಬಗ್ಗೆ ಬಹಳ ಕೆಲಸ ಮಾಡಿದವರು. 1985ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರು ಬರೆಯುವ ಹವ್ಯಾಸ ಇದ್ದ 72 ಯುವಜನರಿಂದ ಒಂದೊಂದು ಪುಟ್ಟ ಕವಿತೆ ಬರೆಸಿದರು. ಆಮೇಲೆ ಒಂದು ಗುಂಪಿಗೆ, ನೀವು ಯಾಕೆ ಬರೆಯುತ್ತೀರಿ ಅನ್ನುವುದಕ್ಕೆ ಕಾರಣಗಳ ಪಟ್ಟಿ ಕೊಟ್ಟರು. ಬರೆಯುವುದು ಖುಷಿ ಕೊಡುತ್ತದೆ ಅನ್ನುವಂಥ ಕಾರಣಗಳು. ಇನ್ನೊಂದು ಗುಂಪಿಗೆ ಕೊಟ್ಟ ಪಟ್ಟಿಯಲ್ಲಿ ದುಡ್ಡು, ಹೆಸರು, ಬೇರೆಯವರ ಮೆಚ್ಚುಗೆ ಇಂಥವು. ಮೂರನೇ ಗುಂಪಿಗೆ ಯಾವ ಪಟ್ಟಿಯೂ ಇಲ್ಲ. ಪಟ್ಟಿ ಸಿಕ್ಕಿದವರು ಕಾರಣಗಳನ್ನು ಒಂದರ ಕೆಳಗೆ ಒಂದು ಜೋಡಿಸಿದರು. ಕೆಲವೇ ನಿಮಿಷದ ಕೆಲಸ. ಆಮೇಲೆ ಎಲ್ಲರೂ ಇನ್ನೊಂದು ಕವಿತೆ ಬರೆದರು. ಯಾರು ಯಾವ ಗುಂಪು ಅಂತ ಗೊತ್ತಿಲ್ಲದ ಕವಿಗಳು ಓದಿ ಅಂಕ ಕೊಟ್ಟರು. ಮೊದಲ ಕವಿತೆಯಲ್ಲಿ ಮೂರೂ ಗುಂಪು ಹೆಚ್ಚು ಕಡಿಮೆ ಒಂದೇ. ಎರಡನೆಯದರಲ್ಲಿ, ದುಡ್ಡು ಹೆಸರು ಮೆಚ್ಚುಗೆಯ ಬಗ್ಗೆ ಯೋಚಿಸಿ ಬಂದವರ ಕವಿತೆ ಸೊರಗಿತ್ತು.

ಆಗ ಲೈಕ್ ಬಟನ್ ಇರಲಿಲ್ಲ. ಫೇಸ್‌ಬುಕ್ ಅದನ್ನು ತಂದದ್ದು 2009ರಲ್ಲಿ. ಆ ಗುಂಪು ಒಂದೇ ಒಂದು ಸಲ ಯೋಚಿಸಿದ್ದನ್ನು ನೀನು ಪ್ರತಿ ಕವಿತೆಗೂ ಯೋಚಿಸುತ್ತಿದ್ದೀಯ, ಅದೂ ನಂಬರ್ ಸಮೇತ.

ಹಾಗಂತ ಮೆಚ್ಚುಗೆ ಬೇಡ ಅನ್ನಲ್ಲ ನಾನು. ಎಲ್ಲರಿಗೂ ಬೇಕು, ನನಗೂ ಬೇಕು. ಆದರೆ ಲೈಕ್ ಅನ್ನುವುದು ಕವಿತೆಗೆ ಸಿಕ್ಕಿದ ಅಂಕ ಅಲ್ಲ. ನೀನು ಎಷ್ಟು ಹೊತ್ತಿಗೆ ಹಾಕಿದೆ, ಜೊತೆಗೆ ಯಾವ ಚಿತ್ರ ಇತ್ತು, ಆ ಆ್ಯಪ್ ಅದನ್ನು ಯಾರ ಕಣ್ಣಿಗೆ ತೋರಿಸಿತು, ಎಲ್ಲ ಸೇರಿ ಆಗುವ ನಂಬರು ಅದು. ಲವ್ ಕವಿತೆಗೆ ಲೈಕ್ ಒತ್ತುವಾಗ ಒಬ್ಬಳು ನಿನ್ನ ಸಾಲಿಗೆ ಒತ್ತಿರುವುದಿಲ್ಲ, ತನಗೆ ನೆನಪಾದ ಹುಡುಗನಿಗೆ ಒತ್ತಿರುತ್ತಾಳೆ. ಕಷ್ಟಪಟ್ಟು ಬರೆದ ಕವಿತೆಯನ್ನು ಓದಲು ಸ್ವಲ್ಪ ನಿಲ್ಲಬೇಕು, ಸ್ಕ್ರೋಲ್ ಮಾಡುವ ಬೆರಳು ನಿಲ್ಲುವುದಿಲ್ಲ. ಅದು ಕವಿತೆಯ ಸೋಲು ಹೇಗಾಗುತ್ತದೆ?

ಮಾಡಬಹುದಾದ್ದು ಹೇಳುತ್ತೇನೆ. ಲೈಕ್ ಸಂಖ್ಯೆ ಮುಚ್ಚಿಡುವ ಸೌಲಭ್ಯವನ್ನು ಇನ್‌ಸ್ಟಾಗ್ರಾಂ 2021ರಿಂದ ಎಲ್ಲರಿಗೂ ಕೊಟ್ಟಿದೆ, ಸೆಟ್ಟಿಂಗ್ಸ್‌ನಲ್ಲಿ ಹುಡುಕು. ಬರೆದ ದಿನವೇ ಹಾಕಬೇಡ, ಒಂದು ವಾರ ಇಟ್ಟುಕೋ. ವಾರದ ನಂತರ ಓದಿದಾಗ ಯಾವ ಸಾಲು ನಾಟಕ ಅಂತ ನಿನಗೇ ಗೊತ್ತಾಗುತ್ತದೆ, ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತೆ ಕೆಲವನ್ನು ಹಾಕಲೇಬೇಡ. ಯಾರೂ ನೋಡದ ಕವಿತೆಯಲ್ಲಿ ಕೆಟ್ಟದಾಗಿ ಬರೆಯುವ ಸ್ವಾತಂತ್ರ್ಯ ಇರುತ್ತದೆ. ಹೊಸ ದಾರಿ ಸಿಗುವುದು ಅಲ್ಲೇ, ಯಾಕೆಂದರೆ ಹೊಸದು ಮೊದಲ ಸಲ ಯಾವಾಗಲೂ ಸ್ವಲ್ಪ ಕೆಟ್ಟದಾಗಿಯೇ ಬರುತ್ತದೆ, ಅದನ್ನು ಎಲ್ಲರ ಮುಂದೆ ಮಾಡಲು ಹದಿನಾರು ವರ್ಷದವರಿಗೇನು, ಅರವತ್ತು ವರ್ಷದವರಿಗೂ ನಾಚಿಕೆ.

ಪ್ರಶ್ನೆ: ಹೈಸ್ಕೂಲ್ ಮುಗಿಯುವ ತನಕ ಮೊಬೈಲ್ ಕಿತ್ತಿಟ್ಟರೆ ಮಗ ಒಳ್ಳೆಯ ಬರಹಗಾರ ಆಗುತ್ತಾನಾ?
— ಒಬ್ಬ ತಂದೆ

ಉತ್ತರ: ಇಲ್ಲ. ಮೊಬೈಲ್ ಇಲ್ಲದ ಕಾಲದಲ್ಲಿ ಎಲ್ಲರೂ ಬರಹಗಾರರಾಗಿದ್ದರಾ? ನಿದ್ದೆಗೆ, ಕಣ್ಣಿಗೆ, ಓದಿಗೆ ಅಂತ ಮಿತಿ ಹಾಕಿ, ಖಂಡಿತ ಹಾಕಿ. ರಾತ್ರಿ ಫೋನು ಅವನ ರೂಮಿನ ಹೊರಗಿರಲಿ, ನಿಮ್ಮದೂ ಹೊರಗಿರಲಿ. ಆದರೆ ಕಿತ್ತುಕೊಂಡ ಜಾಗದಲ್ಲಿ ಏನು ಇಡುತ್ತೀರಿ ಅನ್ನುವುದು ಮುಖ್ಯ. ಮನೆಯಲ್ಲಿ ಕತೆ ಪುಸ್ತಕ ಇದೆಯಾ? ಅದನ್ನು ನೀವು ಓದುವುದನ್ನು ಅವನು ನೋಡಿದ್ದಾನಾ?

ಪ್ರಶ್ನೆ: ಎರಡು ಸಾಲಿನ ಕತೆ, ನಾಲ್ಕು ಸಾಲಿನ ಕವಿತೆ ಬರೆಯುವ ಪೇಜುಗಳಿವೆಯಲ್ಲ, ಅವು ಸಾಹಿತ್ಯವಾ? ನಮ್ಮ ಮೇಷ್ಟ್ರು ಅಲ್ಲ ಅಂತಾರೆ.
— ಒಂಬತ್ತನೇ ಕ್ಲಾಸಿನ ಹುಡುಗ

ಉತ್ತರ: ಸರ್ವಜ್ಞ ಮೂರೇ ಸಾಲಿನಲ್ಲಿ ಹೇಳಿದ. ಉದ್ದ ಸಮಸ್ಯೆ ಅಲ್ಲ ಅಂತ ಮೇಷ್ಟ್ರಿಗೂ ಗೊತ್ತಿರುತ್ತದೆ.

ಟ್ವಿಟರ್ 2006ರಲ್ಲಿ ಶುರುವಾದಾಗ 140 ಅಕ್ಷರದ ಮಿತಿ ಇತ್ತು, ಯಾಕೆಂದರೆ ಫೋನಿನ ಎಸ್ಸೆಮ್ಮೆಸ್ಸಿನ ಮಿತಿ 160, ಅದರಲ್ಲಿ 20 ಹೆಸರಿಗೆ ಬಿಟ್ಟರು. 2017ರಲ್ಲಿ ಅದು 280 ಆಯಿತು. ಆ ಮಿತಿಯೊಳಗೂ ಚೆನ್ನಾಗಿ ಬರೆದವರಿದ್ದಾರೆ. ಒಂದು ಪದ ಹೆಚ್ಚಾದರೂ ಹಿಡಿಸದ ಜಾಗದಲ್ಲಿ ಬರೆಯುವುದು ಒಳ್ಳೆಯ ಕಸರತ್ತು.

ವ್ಯತ್ಯಾಸ ಇಷ್ಟೇ. ಹತ್ತು ಸಾಲು ಬರೆದು ಎಂಟನ್ನು ಹೊಡೆದುಹಾಕಿ ಉಳಿದ ಎರಡು ಸಾಲು ಒಂದು ಥರ. ಎರಡೇ ಸಾಲು ಹೊಳೆದು ಅಲ್ಲಿಗೇ ನಿಲ್ಲಿಸಿದ್ದು ಇನ್ನೊಂದು ಥರ. ಓದುವವರಿಗೆ ಗೊತ್ತಾಗುತ್ತದೆ. ಎರಡು ಸಾಲು ಬರೆ, ಪರವಾಗಿಲ್ಲ, ಆದರೆ ಆಗಾಗ ನಾಲ್ಕು ಪುಟವನ್ನೂ ಬರೆ. ಒಂದು ಪಾತ್ರ ಬದಲಾಗುವುದನ್ನು ತೋರಿಸಲು ಎರಡು ಸಾಲು ಸಾಕಾಗುವುದಿಲ್ಲ.

ಪ್ರಶ್ನೆ: ನನ್ನ ತಂಗಿ ಯಾವುದೋ ವಿದೇಶಿ ಕಾದಂಬರಿಯ ಪಾತ್ರಗಳನ್ನು ಇಟ್ಟುಕೊಂಡು ತಾನೇ ಕತೆ ಮುಂದುವರಿಸಿ ಆನ್‌ಲೈನ್‌ನಲ್ಲಿ ಹಾಕುತ್ತಾಳೆ. ಫ್ಯಾನ್ ಫಿಕ್ಷನ್ ಅಂತೆ. ಇದು ಕದಿಯುವುದಲ್ವಾ? ಸ್ವಂತ ಕಲ್ಪನೆ ಹೇಗೆ ಬೆಳೆಯುತ್ತೆ?

ಉತ್ತರ: ಪಂಪ, ಕುಮಾರವ್ಯಾಸ ಇಬ್ಬರೂ ವ್ಯಾಸರ ಪಾತ್ರಗಳನ್ನೇ ಎತ್ತಿಕೊಂಡು ಬರೆದವರು. ಹಾಗಂತ ಅವರಿಬ್ಬರ ಕರ್ಣ ಒಬ್ಬನೇನಾ? ತಂಗಿಯನ್ನು ಅವರ ಸಾಲಿಗೆ ಸೇರಿಸುತ್ತಿಲ್ಲ, ಗಾಬರಿಯಾಗಬೇಡಿ.

ನನ್ನ ಮಟ್ಟಿಗೆ ಸೋಶಿಯಲ್ ಮೀಡಿಯಾ ಬರೆಯುವ ಮಕ್ಕಳಿಗೆ ಕೊಟ್ಟ ಒಳ್ಳೆಯ ಉಡುಗೊರೆಗಳಲ್ಲಿ ಇದೂ ಒಂದು. ಪಾತ್ರ ರೆಡಿ, ಜಾಗ ರೆಡಿ, ಹಾಗಾಗಿ ಹುಡುಗಿ ನೇರವಾಗಿ ಸಂಭಾಷಣೆ, ದೃಶ್ಯ, ಮುಂದೇನು ಅನ್ನುವುದಕ್ಕೆ ಕೈ ಹಾಕಬಹುದು. ಅಧ್ಯಾಯದ ಮೇಲೆ ಅಧ್ಯಾಯ ಬರೆಯುವುದರಿಂದ ಉದ್ದಕ್ಕೆ ಬರೆಯುವ ದಮ್ಮು ಬರುತ್ತದೆ. ಓದುವವರೂ ಆ ಪಾತ್ರಗಳನ್ನು ಪ್ರೀತಿಸುವವರೇ, "ಅವನು ಹೀಗೆ ಮಾತಾಡಲ್ಲ" ಅಂತ ಜಗಳಕ್ಕೆ ಬರುತ್ತಾರೆ. ಇಂಥ ವಿಮರ್ಶೆ ಕ್ಲಾಸಿನಲ್ಲಿ ಸಿಗುವುದಿಲ್ಲ. ಇಂಥ ಬರಹಗಳ ದೊಡ್ಡ ತಾಣ ಆರ್ಕೈವ್ ಆಫ್ ಅವರ್ ಓನ್. ಅದನ್ನು ಅಭಿಮಾನಿಗಳೇ ಲಾಭದ ಉದ್ದೇಶವಿಲ್ಲದೆ ನಡೆಸುತ್ತಾರೆ, 2019ರಲ್ಲಿ ಅದಕ್ಕೆ ವೈಜ್ಞಾನಿಕ ಕತೆ, ಫ್ಯಾಂಟಸಿ ಬರಹಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು.

ಎಚ್ಚರ ಎರಡು ಕಡೆ ಇರಲಿ. ಬೇರೆಯವರ ಪಾತ್ರ ಇಟ್ಟುಕೊಂಡು ಬರೆದದ್ದನ್ನು ಮಾರಲು ಹೋದರೆ ಹಕ್ಕಿನ ತಕರಾರು ಬರುತ್ತದೆ. ಮತ್ತೆ ಆ ತಾಣಗಳಲ್ಲಿ ದೊಡ್ಡವರಿಗೆ ಮಾತ್ರ ಅಂತ ಬರೆದ ಕತೆಗಳೂ ಬೇಕಾದಷ್ಟಿವೆ. ಅವಳ ವಯಸ್ಸು ನೀವು ಬರೆದಿಲ್ಲ, ಅದನ್ನು ನೋಡಿಕೊಳ್ಳಿ. ಮುಂದೆ ಒಂದು ದಿನ, ತಾನೇ ಸೃಷ್ಟಿಸಿದ ಒಬ್ಬ ಹೊಸಬನನ್ನು ಆ ಕತೆಯೊಳಕ್ಕೆ ಕರೆತರಲು ಹೇಳಿ. ಆಮೇಲೆ ಆ ಹೊಸಬನನ್ನು ಮಾತ್ರ ಇಟ್ಟುಕೊಂಡು ಬರೆಯಲಿ.

ಪ್ರಶ್ನೆ: ಪೋಸ್ಟ್ ಮಾಡುವ ಮೊದಲು ಚಾಟ್‌ಜಿಪಿಟಿಗೆ ಕೊಟ್ಟು ಐಡಿಯಾ ಕೇಳ್ತೀನಿ. ಕತೆ ಚೆನ್ನಾಗಿ ಆಗುತ್ತೆ. ಫ್ರೆಂಡ್ಸ್ ಎಲ್ಲರೂ ಹಾಗೇ ಮಾಡ್ತಾರೆ. ಇದರಲ್ಲಿ ತೊಂದರೆ ಏನು?

ಉತ್ತರ: ತೊಂದರೆ ನಿನ್ನ ಪತ್ರದ ಮೂರನೇ ವಾಕ್ಯದಲ್ಲೇ ಇದೆ. 2024ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದಲ್ಲಿ ಕೆಲವರಿಗೆ ಎಐ ಕೊಟ್ಟ ಐಡಿಯಾ ನೋಡುವ ಅವಕಾಶ ಕೊಟ್ಟು, ಕೆಲವರಿಗೆ ಕೊಡದೆ, ಎಂಟು ವಾಕ್ಯದ ಕತೆ ಬರೆಸಿದರು. ಐಡಿಯಾ ಪಡೆದವರ ಕತೆ ಒಂದೊಂದಾಗಿ ಓದಿದಾಗ ಹೆಚ್ಚು ಚೆನ್ನಾಗಿತ್ತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಒಂದಕ್ಕೊಂದು ಹೋಲುತ್ತಿದ್ದವು. ಅಂದರೆ ನಿನ್ನ ಕತೆ ನಿನಗೆ ಚೆಂದ ಕಾಣುತ್ತದೆ, ಫ್ರೆಂಡ್ಸ್ ಕತೆಗಳ ಪಕ್ಕ ಇಟ್ಟರೆ ನಿನ್ನದು ಯಾವುದು ಅಂತ ಗೊತ್ತಾಗುವುದಿಲ್ಲ. ಅಕ್ಷರ ತಪ್ಪು ಹುಡುಕಲು ಕೇಳು, ಅಭ್ಯಂತರ ಇಲ್ಲ. ಕತೆಯಲ್ಲಿ ಮುಂದೇನಾಗಬೇಕು ಅಂತ ಮಾತ್ರ ಕೇಳಬೇಡ. ಅದು ಹೊಳೆಯದೆ ಒದ್ದಾಡುವುದೇ ಬರೆಯುವ ಕೆಲಸ, ಅದನ್ನೇ ಹೊರಗೆ ಕೊಟ್ಟರೆ ನಿನಗೇನು ಉಳಿಯಿತು?

ಪ್ರಶ್ನೆ: ತಮ್ಮ ಎಂಟನೇ ಕ್ಲಾಸು. ತನ್ನ ಕತೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ "ಹೇಗಿದೆ ಅಕ್ಕ?" ಅಂತಾನೆ. ಕತೆ ಅಷ್ಟಕ್ಕಷ್ಟೆ. ಬೇಜಾರು ಮಾಡದೆ ಏನು ಹೇಳಲಿ? ಈಗ "ಸೂಪರ್" ಅಂತ ಹಾಕಿ ಬಿಡುತ್ತೇನೆ.
— ಒಬ್ಬ ಅಕ್ಕ

ಉತ್ತರ: "ಸೂಪರ್" ಬೇಡ. ಅದು ಅವನಿಗೆ ಎಲ್ಲ ಕಡೆಯಿಂದಲೂ ಬರುತ್ತಿರುತ್ತದೆ.

ಕತೆಯಲ್ಲಿ ನಿಮಗೆ ನಿಜವಾಗಿ ಕಣ್ಣಿಗೆ ಕಟ್ಟಿದ ಒಂದು ಸಾಲು ಹುಡುಕಿ. ಎಷ್ಟೇ ಸುಮಾರಾದ ಕತೆಯಲ್ಲೂ ಒಂದು ಇರುತ್ತದೆ. ಆ ಸಾಲನ್ನೇ ಕಾಪಿ ಮಾಡಿ "ಇದು ನನಗೆ ಕಾಣಿಸಿತು ಕಣೋ" ಅನ್ನಿ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿ, ನಿಮಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ. ಆ ಹುಡುಗ ಬಾಗಿಲು ಯಾಕೆ ತೆಗೆಯಲಿಲ್ಲ? ಅವನ ಅಮ್ಮ ಆಗ ಎಲ್ಲಿದ್ದಳು? ತಪ್ಪು ತೋರಿಸುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಉತ್ತರ ಹೇಳಬೇಕಾದರೆ ಅವನು ಕತೆಯೊಳಗೆ ಇನ್ನೊಮ್ಮೆ ಹೋಗಲೇಬೇಕು. ಸಾಧ್ಯವಾದರೆ ವಾಟ್ಸ್‌ಆ್ಯಪ್‌ನಲ್ಲಿ ಬೇಡ, ಎದುರು ಕೂತು ಕೇಳಿ. ಅವನು ಗಟ್ಟಿಯಾಗಿ ಓದಿ ಹೇಳಲಿ. ಓದುವಾಗ ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಅವನೇ ಪೆನ್ಸಿಲ್ ಕೇಳುತ್ತಾನೆ. ಕೇಳದಿದ್ದರೆ ಈ ಸಲಕ್ಕೆ ಬಿಟ್ಟುಬಿಡಿ, ಮುಂದಿನ ಕತೆ ಹೇಗೂ ಕಳಿಸುತ್ತಾನೆ.